ದೂರದ ಟ್ರೈಯಥ್ಲಾನ್‌ಗೆ ಯಾವ ವಾಚ್? ಪದೇ ಪದೇ ಕೇಳುವ ಪ್ರಶ್ನೆಗಳು

ಈಜು ಮುಗಿಸಿ ಮೈ ಒರೆಸಿಕೊಳ್ಳುವಾಗ, ಸೈಕಲ್ ಸವಾರಿಯ ನಡುವೆ ನೀರಿಗೆ ನಿಂತಾಗ, ರಾತ್ರಿ ಬರುವ ಸಂದೇಶಗಳಲ್ಲಿ ನನ್ನನ್ನು ಕೇಳುವವರಲ್ಲಿ ಬಹಳ ಜನರ ಪ್ರಶ್ನೆ ವಾಚಿನದೇ. ಹಲವು ವರ್ಷಗಳಲ್ಲಿ ಮತ್ತೆ ಮತ್ತೆ ಬಂದವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೂಡಿಸಿದ್ದೇನೆ. ಇಲ್ಲಿ 'ಹಾಫ್' ಎಂದರೆ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. 'ಫುಲ್' ಎಂದರೆ 3.8, 180 ಮತ್ತು 42.2.

ನನ್ನ ಅಳತೆಗೋಲು ಯಾವುದು ಎಂದು ಮೊದಲೇ ಹೇಳಿಬಿಡುತ್ತೇನೆ. ಫುಲ್ ರೇಸಿನ ಹದಿಮೂರನೇ ಗಂಟೆಯಲ್ಲಿ ಬೆರಳು ಊದಿರುತ್ತವೆ, ಬೆವರಿನ ಉಪ್ಪು ಕಣ್ಣಿಗಿಳಿದಿರುತ್ತದೆ, ಎರಡಂಕಿ ಕೂಡುವ ಲೆಕ್ಕವೂ ತಲೆಗೆ ಹತ್ತುವುದಿಲ್ಲ. ಆ ಹೊತ್ತಿನಲ್ಲಿ ನನ್ನಿಂದ ಅತಿ ಕಡಿಮೆ ಕೆಲಸ ಬೇಡುವ ವಾಚನ್ನು ನಾನು ಒಳ್ಳೆಯದು ಅನ್ನುತ್ತೇನೆ. ಮುಂದಿನ ಉತ್ತರಗಳೆಲ್ಲ ಅಲ್ಲಿಂದಲೇ ಬಂದವು.

## ಕೊಳ್ಳುವ ಮುನ್ನ

ಮೊದಲ ರೇಸಿಗೆ ಇನ್ನೂ ಆರು ತಿಂಗಳಿದೆ. ಈಗಲೇ ದುಬಾರಿ ವಾಚ್ ತಗೋಬೇಕಾ?

ಬೇಡ. 1978ರಲ್ಲಿ ಹವಾಯಿಯ ಓಆಹು ದ್ವೀಪದಲ್ಲಿ ಮೊದಲ ಐರನ್‌ಮ್ಯಾನ್ (ಫುಲ್ ದೂರದ ರೇಸ್) ನಡೆದಾಗ 15 ಮಂದಿ ಹೊರಟು 12 ಮಂದಿ ಮುಗಿಸಿದರು. ಜಿಪಿಎಸ್ ವಾಚ್ ಆಗ ಹುಟ್ಟಿಯೇ ಇರಲಿಲ್ಲ. ಫಿನ್ಲೆಂಡಿನ ಪೋಲಾರ್ ಕಂಪನಿಯ ನಿಸ್ತಂತು ಹೃದಯ ಬಡಿತ ಮಾಪಕ ಬಂದದ್ದೇ 1982ರಲ್ಲಿ. ಮೊದಲ ಮೂರು ತಿಂಗಳು ನಿಮಗೆ ಬೇಕಾದದ್ದು ವಾರಕ್ಕೆ ಎಷ್ಟು ಗಂಟೆ ಅಭ್ಯಾಸ ಮಾಡಿದಿರಿ ಎಂಬ ಲೆಕ್ಕ, ಅಷ್ಟೇ. ಅದಕ್ಕೆ ಯಾವ ಗಡಿಯಾರವಾದರೂ ಆದೀತು. ಆ ಮೂರು ತಿಂಗಳಲ್ಲಿ ನಿಮಗೆ ಏನು ಗೊತ್ತಾಗಬೇಕು ಅನ್ನಿಸುತ್ತದೋ ಅದನ್ನು ಬರೆದಿಟ್ಟುಕೊಳ್ಳಿ. ಕೊಳ್ಳುವ ದಿನ ಕಂಪನಿಯ ಜಾಹೀರಾತಿಗಿಂತ ಆ ಚೀಟಿ ಹೆಚ್ಚು ಕೆಲಸಕ್ಕೆ ಬರುತ್ತದೆ.

ಆದರೆ ರೇಸಿಗೆ ಎರಡು ವಾರ ಇರುವಾಗ ಮಾತ್ರ ಹೊಸ ವಾಚ್ ಕಟ್ಟಿಕೊಳ್ಳಬೇಡಿ. ಕೊನೇ ಪಕ್ಷ ಎಂಟು ವಾರ ಅದರ ಜತೆ ಬದುಕಿರಬೇಕು. ನೋಡದೆಯೇ ಬೆರಳು ಬಟನ್ ಹುಡುಕುವಂತಾಗಬೇಕು.

ಓಟಕ್ಕೆ ಅಂತ ಒಂದು ಜಿಪಿಎಸ್ ವಾಚ್ ಇದೆ. ಟ್ರೈಯಥ್ಲಾನ್ ವಾಚ್ ಅದಕ್ಕಿಂತ ಹೇಗೆ ಬೇರೆ?

ಮೂರು ವಿಷಯದಲ್ಲಿ. ಮೊದಲನೆಯದು ಮಲ್ಟಿಸ್ಪೋರ್ಟ್ ಮೋಡ್: ಈಜು, ಮೊದಲ ಟ್ರಾನ್ಸಿಷನ್ (ಒಂದು ಆಟ ಮುಗಿಸಿ ಮುಂದಿನದಕ್ಕೆ ಅಣಿಯಾಗುವ ಹೊತ್ತು), ಸೈಕಲ್, ಎರಡನೇ ಟ್ರಾನ್ಸಿಷನ್, ಓಟ — ಐದೂ ಒಂದೇ ದಾಖಲೆಯಲ್ಲಿ, ಒಂದೊಂದು ಬಟನ್ ಒತ್ತಿಗೆ ಒಂದೊಂದು ಹಂತ. ಎರಡನೆಯದು ತೆರೆದ ನೀರಿನ ಈಜಿಗೆಂದೇ ಬರೆದ ಸಾಫ್ಟ್‌ವೇರ್. ಮೂರನೆಯದು ನೀವು ಎಷ್ಟು ಬಲದಿಂದ ತುಳಿಯುತ್ತೀರಿ ಎಂದು ಅಳೆಯುವ ಸೈಕಲಿನ ಪವರ್ ಮೀಟರಿಗೆ ಬೆಸೆದುಕೊಳ್ಳುವ ಸಾಮರ್ಥ್ಯ. ಓಟದ ಅಗ್ಗದ ವಾಚುಗಳಲ್ಲಿ ಈ ಮೂರರಲ್ಲಿ ಒಂದೋ ಎರಡೋ ತಪ್ಪಿರುತ್ತದೆ. ನಿಮ್ಮದರಲ್ಲಿ ಮಲ್ಟಿಸ್ಪೋರ್ಟ್ ಒಂದಿದ್ದರೂ ಹಾಫ್ ರೇಸಿಗೆ ಹೊಸದು ಕೊಳ್ಳುವ ಅಗತ್ಯವಿಲ್ಲ.

ಸಾಮಾನ್ಯ ಸ್ಮಾರ್ಟ್‌ವಾಚ್‌ನಲ್ಲೇ ಫುಲ್ ಮುಗಿಸಬಹುದಲ್ವಾ?

ಕೆಲವರಿಗೆ ಆಗುತ್ತದೆ. ಆಪಲ್ 2022ರಲ್ಲಿ ತನ್ನ ವಾಚುಗಳಿಗೆ ಮಲ್ಟಿಸ್ಪೋರ್ಟ್ ವ್ಯಾಯಾಮ ಕೊಟ್ಟಿತು, 2023ರಲ್ಲಿ ಸೈಕಲ್ ಪವರ್ ಮೀಟರ್ ಜೋಡಿಸುವ ದಾರಿಯನ್ನೂ ತೆರೆಯಿತು. ಹತ್ತು ಗಂಟೆಯೊಳಗೆ ಮುಗಿಸುವ ಬಲಿಷ್ಠರಿಗೆ ಅದರ ಅಲ್ಟ್ರಾ ಮಾದರಿ ಸಾಕಾದೀತು. ಹದಿನೈದು ಗಂಟೆ ರಸ್ತೆಯ ಮೇಲಿರುವವರಿಗೆ ಬ್ಯಾಟರಿ ಉಳಿಸುವ ಮೋಡ್, ಸೆಟ್ಟಿಂಗ್‌ಗಳ ಹೊಂದಾಣಿಕೆ ಎಲ್ಲ ಬೇಕಾಗುತ್ತದೆ. ರೇಸಿನ ಹಿಂದಿನ ರಾತ್ರಿ ಇನ್ನೊಂದು ಚಿಂತೆ ಯಾಕೆ ಬೇಕು ಎನ್ನುವವನು ನಾನು.

ಡಬ್ಬಿ ಮೇಲೆ 50 ಮೀಟರ್ ಅಂತ ಬರೆದಿದೆ. ಸಮುದ್ರದಲ್ಲಿ ಈಜಬಹುದಾ?

ಈಜಬಹುದು. 50 ಮೀಟರ್ ಎಂದರೆ ಅಷ್ಟು ಆಳದ ನಿಶ್ಚಲ ನೀರಿನ ಒತ್ತಡಕ್ಕೆ, ಅಂದರೆ ಸುಮಾರು 5 ವಾತಾವರಣ ಒತ್ತಡಕ್ಕೆ, ಪರೀಕ್ಷಿಸಿದ್ದಾರೆ ಎಂದರ್ಥ. ಮೇಲ್ಮೈ ಈಜಿಗೆ ಅದು ಸಾಕು. ಅದನ್ನು ನಂಬಿ ಆಳಕ್ಕೆ ಡೈವ್ ಮಾಡಬೇಡಿ. ವಾಚ್ ಹಳೆಯದಾದಂತೆ ಒಳಗಿನ ರಬ್ಬರ್ ಸೀಲ್ ಬಿಗಿ ಕಳೆದುಕೊಳ್ಳುತ್ತದೆ ಎಂಬುದೂ ನೆನಪಿರಲಿ.

## ಆಯ್ಕೆಯ ಹೊತ್ತು

ಬ್ಯಾಟರಿ ಎಷ್ಟು ಗಂಟೆ ಬರಬೇಕು?

ನೀವು ಮುಗಿಸಬಹುದಾದ ಸಮಯದ ಒಂದೂವರೆ ಪಟ್ಟು, ಅದೂ ರೇಸಿನಲ್ಲಿ ಬಳಸುವ ಮೋಡಿನಲ್ಲೇ. ಈ ಉತ್ತರದ ಕೊನೆಯ ಭಾಗವನ್ನು ಜನ ಕೇಳಿಸಿಕೊಳ್ಳುವುದಿಲ್ಲ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಗಾರ್ಮಿನ್ ಫೋರ್‌ರನ್ನರ್ 955ಕ್ಕೆ ಕಂಪನಿ ಹೇಳುವ ಲೆಕ್ಕ ಬರೀ ಜಿಪಿಎಸ್‌ನಲ್ಲಿ 42 ಗಂಟೆ. ಎಲ್ಲ ಉಪಗ್ರಹ ವ್ಯವಸ್ಥೆ, ಎರಡು ಆವರ್ತನ (ಉಪಗ್ರಹದ ಸಂಕೇತವನ್ನು ಎರಡು ತರಂಗಾಂತರಗಳಲ್ಲಿ ಹಿಡಿಯುವುದು) ಎಲ್ಲ ಹಾಕಿಕೊಂಡರೆ 20 ಗಂಟೆ. ಕೋರೋಸ್ ಪೇಸ್ 3ಕ್ಕೆ ಸಾಮಾನ್ಯ ಮೋಡಿನಲ್ಲಿ 38, ಎರಡು ಆವರ್ತನದಲ್ಲಿ 15. ಅದೇ ವಾಚ್, ಅದೇ ಬ್ಯಾಟರಿ, ಒಂದು ಸೆಟ್ಟಿಂಗ್ ಬದಲಾದರೆ ಅರ್ಧಕ್ಕಿಂತ ಕಡಿಮೆ. ಫುಲ್ ರೇಸಿನ ಕಟ್‌ಆಫ್ (ಮುಗಿಸಲೇಬೇಕಾದ ಗಡುವು) ಸಾಮಾನ್ಯವಾಗಿ 17 ಗಂಟೆ. ಹದಿನಾರು ಗಂಟೆ ತೆಗೆದುಕೊಳ್ಳುವವರು 15 ಗಂಟೆಯ ಮೋಡಿನಲ್ಲಿ ಹೊರಟರೆ ಗೆರೆ ದಾಟುವ ಮೊದಲೇ ಪರದೆ ಕಪ್ಪಾಗುತ್ತದೆ.

ಕಂಪನಿಯ ಅಂಕಿ ಹೊಸ ಬ್ಯಾಟರಿಯದು, ಹಿತವಾದ ವಾತಾವರಣದ್ದು. ಎರಡು ವರ್ಷ ದಿನವೂ ಚಾರ್ಜ್ ಆದ ಲಿಥಿಯಂ ಬ್ಯಾಟರಿ ಮೊದಲಿನಷ್ಟು ಹಿಡಿದಿಡುವುದಿಲ್ಲ. ಚಳಿಯಲ್ಲಿ ಇನ್ನೂ ಬೇಗ ಇಳಿಯುತ್ತದೆ. ಪವರ್ ಮೀಟರ್, ಬಡಿತ ಅಳೆಯಲು ಕಟ್ಟುವ ಎದೆಪಟ್ಟಿ, ನಕ್ಷೆ, ಪದೇ ಪದೇ ಬೆಳಗುವ ಪರದೆ ಒಂದೊಂದೂ ತನ್ನ ಪಾಲು ಕೇಳುತ್ತದೆ. ಸೈಕಲ್ ದಾರಿಯ ನಕ್ಷೆ ತೆರೆದಿಟ್ಟು ಮರೆತು, ಓಟದ 28ನೇ ಕಿಲೋಮೀಟರಿನಲ್ಲಿ ನನ್ನ ವಾಚ್ ಆರಿಹೋಯಿತು. ಆ ಕಥೆ ಕೊನೆಯಲ್ಲಿದೆ.

ಪರೀಕ್ಷೆ ಸುಲಭ. ಅತಿ ಉದ್ದದ ಸೈಕಲ್ ಅಭ್ಯಾಸದ ದಿನ ರೇಸಿನ ಸೆಟ್ಟಿಂಗನ್ನೇ ಹಾಕಿ. ಶೇಕಡಾ 100ರಿಂದ ಹೊರಟು ಆರು ಗಂಟೆಯಲ್ಲಿ ಶೇಕಡಾ 40 ಇಳಿದಿದ್ದರೆ ಒಟ್ಟು ಹದಿನೈದು ಗಂಟೆ ಬರುತ್ತದೆ ಎಂದು ಲೆಕ್ಕ. ಜಾಹೀರಾತನ್ನು ಬಿಟ್ಟು ಆ ಲೆಕ್ಕವನ್ನು ನಂಬಿ.

ಟಚ್ ಸ್ಕ್ರೀನ್ ಒಳ್ಳೇದೋ, ಬಟನ್ ಒಳ್ಳೇದೋ?

ಬಟನ್. ನೀರಿನ ಹನಿ ಬಿದ್ದ ಟಚ್ ಪರದೆ ತಾನೇ ಒತ್ತಿದಂತೆ ವರ್ತಿಸುತ್ತದೆ, ಒದ್ದೆ ಬೆರಳನ್ನು ಗುರುತಿಸುವುದಿಲ್ಲ. ಟಚ್ ಇದ್ದರೂ ತೊಂದರೆಯಿಲ್ಲ, ನಕ್ಷೆ ಸರಿಸಲು ಅದು ಹಿತ. ಆದರೆ ವ್ಯಾಯಾಮದ ವೇಳೆ ಅದನ್ನು ಆಫ್ ಮಾಡಿಡಲು ಬರಬೇಕು ಮತ್ತು ಪ್ರತಿ ಕೆಲಸಕ್ಕೂ ಬಟನ್ ದಾರಿ ಇರಬೇಕು. ಅಂಗಡಿಯಲ್ಲಿ ಕೈಗೆ ಸಿಕ್ಕಾಗ ಕಣ್ಣು ಮುಚ್ಚಿ ಲ್ಯಾಪ್ ಬಟನ್ (ಒಂದು ಸುತ್ತು ಅಥವಾ ಹಂತ ಮುಗಿದಾಗ ಒತ್ತುವುದು) ಹುಡುಕಿ ಒತ್ತಿ ನೋಡಿ. ಸಿಗದಿದ್ದರೆ ರೇಸಿನಲ್ಲೂ ಸಿಗುವುದಿಲ್ಲ.

ಅಮೋಲೆಡ್ ಪರದೆ ನೋಡಿದ್ರೆ ಹಳೆಯದರ ಮೇಲೆ ಮನಸ್ಸೇ ಬರಲ್ಲ. ತಗೊಳ್ಳಲಾ?

ಕತ್ತಲಲ್ಲಿ ಓಟ ಮುಗಿಸುವವರಿಗೆ ಅಮೋಲೆಡ್ ನಿಜಕ್ಕೂ ವರ, ಅಕ್ಷರ ಚೂಪಾಗಿ ಕಾಣುತ್ತದೆ. ಬಿಸಿಲಿನ ಬೆಳಕನ್ನೇ ಮರಳಿಸಿ ತೋರಿಸುವ ಮಂಕು ಪರದೆ ಉರಿಬಿಸಿಲಿನಲ್ಲಿ ಇನ್ನಷ್ಟು ಸ್ಪಷ್ಟವಾಗುತ್ತದೆ, ಸದಾ ಕಾಣುತ್ತದೆ, ಬ್ಯಾಟರಿ ಉಳಿಸುತ್ತದೆ. ಅಮೋಲೆಡ್ ಕೊಂಡರೆ ಒಂದು ವಿಷಯ ನೋಡಿ: ಕೈ ತಿರುಗಿಸಿದಾಗ ಮಾತ್ರ ಬೆಳಗುವಂತೆ ಇಟ್ಟರೆ, ಸೈಕಲಿನ ಏರೋ ಬಾರಿನ (ಮುಂದಕ್ಕೆ ಬಾಗಿ ಮುಂಗೈ ಊರುವ ಹಿಡಿಕೆ) ಮೇಲೆ ತೋಳು ಕದಲದೆ ಇರುವಾಗ ಅದು ಕಪ್ಪಾಗಿಯೇ ಉಳಿಯುತ್ತದೆ. ಸದಾ ಬೆಳಗುವಂತೆ ಇಟ್ಟರೆ ಬ್ಯಾಟರಿಯ ಲೆಕ್ಕವನ್ನು ಮತ್ತೆ ಮಾಡಬೇಕು. ಐವತ್ತು ದಾಟಿದವರು, ಓದುವ ಕನ್ನಡಕ ಹಾಕುವವರು ಅಂದಕ್ಕಿಂತ ಅಂಕಿಯ ಗಾತ್ರ ನೋಡಿ ಆರಿಸಲಿ. ರೇಸಿನಲ್ಲಿ ಆ ಕನ್ನಡಕ ಇರುವುದಿಲ್ಲ.

ನನ್ನ ಮಣಿಕಟ್ಟು ಸಣ್ಣದು. ದೊಡ್ಡ ವಾಚ್ ಕಟ್ಟಿಕೊಂಡ್ರೆ ಏನಾಗುತ್ತೆ?

ಮೂಳೆಯ ಮೇಲೆ ಅಲುಗಾಡುತ್ತದೆ. ಅಲುಗಾಡಿದರೆ ಮಣಿಕಟ್ಟಿನ ಸೆನ್ಸರ್ ಬಡಿತವನ್ನು ತಪ್ಪಾಗಿ ಓದುತ್ತದೆ, ವೆಟ್‌ಸೂಟಿನ (ತಣ್ಣೀರಿನ ಈಜಿಗೆ ಹಾಕುವ ಬಿಗಿ ರಬ್ಬರ್ ಉಡುಪು) ತೋಳು ಬಿಚ್ಚುವಾಗ ಸಿಕ್ಕಿಕೊಳ್ಳುತ್ತದೆ. ಪೇಸ್ 3 ನೈಲಾನ್ ಪಟ್ಟಿಯೊಂದಿಗೆ ಸುಮಾರು 30 ಗ್ರಾಂ, ಫೋರ್‌ರನ್ನರ್ 955 ಸುಮಾರು 52, ಗಾರ್ಮಿನ್‌ನದೇ ಫೀನಿಕ್ಸ್ 7 ಸುಮಾರು 79. ಕೇಳಲು ಸಣ್ಣ ವ್ಯತ್ಯಾಸ. ಆದರೆ ಅದನ್ನು ಹೊತ್ತ ತೋಳು ಈಜಿನಲ್ಲಿ ಸಾವಿರಾರು ಸಲ ಮೇಲೇಳುತ್ತದೆ, ಓಟದಲ್ಲಿ ಇನ್ನೂ ಎಷ್ಟೋ ಸಾವಿರ ಸಲ ಬೀಸುತ್ತದೆ. ಸಣ್ಣ ಮೈಕಟ್ಟಿನ ಹೆಣ್ಣುಮಕ್ಕಳು 'ಇದೇ ಅತ್ಯುತ್ತಮ ಮಾದರಿ' ಎಂದು ಯಾರೋ ಹೇಳಿದ್ದಕ್ಕೆ ಮಣಭಾರದ ವಾಚ್ ಕಟ್ಟಿಕೊಂಡು ಒದ್ದಾಡುವುದನ್ನು ನೋಡಿದ್ದೇನೆ, ಬೇಸರವಾಗುತ್ತದೆ.

ಸುತ್ತು ಬಳಸಿ ಹೇಳಬೇಡಿ. ಯಾವ ಕಂಪನಿ, ಒಂದೇ ಹೆಸರು ಹೇಳಿ.

ಮೂರೂ ಆಟಕ್ಕೆ ಹೆಚ್ಚು ಜೋಡಣೆ, ಹೆಚ್ಚು ಸೆನ್ಸರ್, ಸೈಕಲ್ ಕಂಪ್ಯೂಟರ್ ಜತೆ ಒಡನಾಟ ಬೇಕಿದ್ದರೆ ಗಾರ್ಮಿನ್‌ನ ಫೋರ್‌ರನ್ನರ್ ಸಾಲಿನ ಮೇಲಿನ ಮಾದರಿಗಳು. ಹಗುರ, ಉದ್ದ ಬ್ಯಾಟರಿ, ಕಡಿಮೆ ಬೆಲೆ ಬೇಕಿದ್ದರೆ ಕೋರೋಸ್ ಪೇಸ್ ಸಾಲು. ಪೋಲಾರ್, ಸುಂಟೋ ಎರಡೂ ಫಿನ್ಲೆಂಡಿನವು, ಎರಡರಲ್ಲೂ ಫುಲ್ ಮುಗಿಸಬಲ್ಲ ವಾಚುಗಳಿವೆ. ನನ್ನನ್ನೇ ಕೇಳಿದರೆ, ಮೊದಲ ಫುಲ್‌ಗೆ ಹೊರಟವರಿಗೆ ಹಳೆಯ ತಲೆಮಾರಿನ ಫೋರ್‌ರನ್ನರ್ 900 ಸಾಲಿನದನ್ನು ಹೇಳುತ್ತೇನೆ. 2019ರ 945 ಇಂದಿಗೂ ಮಲ್ಟಿಸ್ಪೋರ್ಟ್, ನಕ್ಷೆ, ಪವರ್ ಮೀಟರ್ ಮೂರನ್ನೂ ನಿಭಾಯಿಸುತ್ತದೆ.

ಜತೆಗೆ ಅಭ್ಯಾಸ ಮಾಡುವ ನಾಲ್ಕು ಜನರ ಹತ್ತಿರ ಯಾವುದಿದೆ ಎಂಬುದಕ್ಕೂ ತೂಕ ಕೊಡಿ. ರೇಸಿನ ಹಿಂದಿನ ದಿನ ಚಾರ್ಜರ್ ಮರೆತಿರಿ ಎಂದುಕೊಳ್ಳಿ, ಆಗ ಪಕ್ಕದವರ ವಾಚ್ ಯಾವುದು ಎಂಬುದೇ ನಿಮ್ಮ ಮರುದಿನವನ್ನು ತೀರ್ಮಾನಿಸುತ್ತದೆ.

ಬಳಸಿದ ವಾಚ್ ಕೊಂಡ್ರೆ ಮೋಸ ಹೋಗ್ತೀನಾ?

ನೋಡಿ ಕೊಂಡರೆ ಇಲ್ಲ. ಪೂರ್ತಿ ಚಾರ್ಜ್ ಮಾಡಿ, ಬಯಲಿನಲ್ಲಿ ಎರಡು ಗಂಟೆ ಜಿಪಿಎಸ್ ಓಡಿಸಿ ಎಷ್ಟು ಇಳಿಯಿತು ನೋಡಿ. ಚಾರ್ಜಿಂಗ್ ಬಿಂದುಗಳಲ್ಲಿ ಹಸಿರು ಕಿಲುಬು, ಪಟ್ಟಿ ಕೂರುವ ಕೊಂಡಿಯಲ್ಲಿ ಬಿರುಕು, ಗಾಜಿನ ಒಳಗೆ ಮಂಜು — ಈ ಮೂರರಲ್ಲಿ ಒಂದಿದ್ದರೂ ಬಿಟ್ಟುಬಿಡಿ. ಹಿಂದಿನ ಮಾಲೀಕರ ಖಾತೆಯಿಂದ ವಾಚ್ ಬಿಡಿಸಲಾಗಿದೆಯೇ ಎಂದು ಅಲ್ಲೇ ಖಚಿತಪಡಿಸಿಕೊಳ್ಳಿ.

## ನೀರು, ಗಾಲಿ, ರಸ್ತೆ

ತೇಲುಬುರುಡೆ ಲೆಕ್ಕದಲ್ಲಿ 1,900 ಮೀಟರ್ ಈಜಿದೆ. ವಾಚ್ 2,250 ತೋರಿಸ್ತು. ಕೆಟ್ಟಿದೆಯಾ?

ಬಹುಶಃ ಇಲ್ಲ. ಉಪಗ್ರಹದ ಸಂಕೇತ ನೀರೊಳಗೆ ಇಳಿಯುವುದಿಲ್ಲ; ಕೆಲವೇ ಸೆಂಟಿಮೀಟರ್ ನೀರು ಅದನ್ನು ನುಂಗಿಬಿಡುತ್ತದೆ. ಫ್ರೀಸ್ಟೈಲ್‌ನಲ್ಲಿ ನಿಮ್ಮ ಕೈ ನೀರಿನಿಂದ ಹೊರಗಿರುವುದು ಪ್ರತಿ ಸ್ಟ್ರೋಕಿಗೆ ಒಂದು ಸೆಕೆಂಡಿಗೂ ಕಡಿಮೆ. ಆ ಕ್ಷಣದಲ್ಲಿ ವಾಚ್ ಉಪಗ್ರಹಗಳನ್ನು ಹುಡುಕಿ ಒಂದು ಬಿಂದು ಗುರುತು ಹಾಕಿಕೊಳ್ಳಬೇಕು, ಮತ್ತೆ ಮುಳುಗಬೇಕು. ಸಿಕ್ಕ ಬಿಂದುಗಳು ಆಚೀಚೆ ಚೆದುರಿರುತ್ತವೆ. ಓಪನ್ ವಾಟರ್ ಮೋಡ್ ಅವನ್ನು ಸೋಸಿ ಒಂದು ಗೆರೆ ಎಳೆಯುತ್ತದೆ. ಅದಕ್ಕೇ ಈಜಿನಲ್ಲಿ ಓಟದ ಮೋಡ್ ಹಾಕಿದರೆ ಹುಚ್ಚು ಅಂಕಿ ಬರುತ್ತದೆ. ಬ್ರೆಸ್ಟ್‌ಸ್ಟ್ರೋಕ್ ಈಜುವವರ ಕೈ ಹೊರಗೆ ಬರುವುದೇ ಅಪರೂಪ, ಅವರ ದಾಖಲೆ ಇನ್ನೂ ಒರಟು.

ಆದರೆ ಅಂಕಿಯಲ್ಲಿ ಅರ್ಧ ನಿಜವೂ ಇರಬಹುದು. ತೇಲುಬುರುಡೆಗಳ ನಡುವಿನ ಅಳತೆ ನೇರ ಗೆರೆಯದು. ನಾವು ಈಜುವುದು ಹಾವಿನ ಹಾದಿಯಲ್ಲಿ. ದಾಖಲೆಯ ನಕ್ಷೆ ತೆರೆದು ನೋಡಿ. ಗೆರೆ ಚಿಕ್ಕ ಚಿಕ್ಕ ಗರಗಸದಂತಿದ್ದರೆ ಅದು ಉಪಗ್ರಹದ ತಪ್ಪು. ಉದ್ದ ಬಾಗಿನಂತೆ ಒಂದೇ ಬದಿಗೆ ಹೋಗಿ ಮರಳಿದ್ದರೆ ಅದು ನೀವು ತಲೆಯೆತ್ತಿ ದಿಕ್ಕು ನೋಡದೆ ಈಜಿದ್ದು. ಈ ಒಂದು ಪಾಠಕ್ಕಾಗಿಯೇ ನಾನು ಈಜಿನ ನಕ್ಷೆಯನ್ನು ಪ್ರತಿ ವಾರ ನೋಡುತ್ತೇನೆ. ನನಗೆ ಬಲಕ್ಕೆ ಜಗ್ಗುವ ಅಭ್ಯಾಸವಿದೆ ಎಂದು ವಾಚ್ ಹೇಳಿಕೊಡುವವರೆಗೆ ಗೊತ್ತೇ ಇರಲಿಲ್ಲ.

ನೀರಿಗಿಳಿಯುವ ಮೊದಲು ಕೈ ಆಕಾಶಕ್ಕೆ ತೆರೆದು ಒಂದೆರಡು ನಿಮಿಷ ನಿಲ್ಲಿ, ಸಂಕೇತ ಹಿಡಿದ ಮೇಲೆ ಇಳಿಯಿರಿ. ಅಭ್ಯಾಸದಲ್ಲಿ ಸರಿಯಾದ ದೂರ ಬೇಕೇ ಬೇಕು ಎನ್ನುವವರು ವಾಚನ್ನು ಈಜು ಟೋಪಿಯೊಳಗೆ ತಲೆಯ ಹಿಂಬದಿಗೆ ಇಟ್ಟುಕೊಳ್ಳುವ ಹಳೇ ಉಪಾಯ ಇಂದಿಗೂ ಕೆಲಸ ಮಾಡುತ್ತದೆ.

ಈಜುಕೊಳದಲ್ಲಿ ಲ್ಯಾಪ್ ಎಣಿಕೆ ತಪ್ಪುತ್ತೆ, ಯಾಕೆ?

ಕೊಳದಲ್ಲಿ ವಾಚ್ ಉಪಗ್ರಹ ನೋಡುವುದೇ ಇಲ್ಲ. ಕೈಯ ಚಲನೆಯಿಂದ ನೀವು ತಿರುಗಿದ್ದನ್ನು ಊಹಿಸುತ್ತದೆ. ಗೋಡೆ ಒದ್ದು ಜೋರಾಗಿ ಜಾರಿದರೆ ಸರಿಯಾಗಿ ಎಣಿಸುತ್ತದೆ. ನಡುವೆ ನಿಂತರೆ, ದಾರಿ ಮಧ್ಯೆ ಶೈಲಿ ಬದಲಿಸಿದರೆ ಒಂದು ಹೆಚ್ಚು ಎಣಿಸುತ್ತದೆ. ಹಲಗೆ ಹಿಡಿದು ಬರೀ ಕಾಲು ಬಡಿದರೆ ಕೈ ಸುಮ್ಮನಿರುವುದರಿಂದ ಏನೂ ಎಣಿಸದು, ಅದಕ್ಕೆ ಡ್ರಿಲ್ ಮೋಡ್ ಇದೆ. ಕೊಳದ ಉದ್ದ 25 ಮೀಟರೋ 50 ಮೀಟರೋ ಎಂದು ಸರಿಯಾಗಿ ಹಾಕಿದ್ದೀರಾ, ಮೊದಲು ಅದನ್ನು ನೋಡಿ.

ಮಣಿಕಟ್ಟಲ್ಲೇ ಹೃದಯ ಬಡಿತ ಬರುತ್ತಲ್ಲ, ಎದೆಪಟ್ಟಿ ಯಾಕೆ?

ಮಣಿಕಟ್ಟಿನ ಸೆನ್ಸರ್ ಚರ್ಮದೊಳಗೆ ಹಸಿರು ಬೆಳಕು ಬಿಟ್ಟು, ಮರಳಿ ಬರುವ ಬೆಳಕಿನ ಏರಿಳಿತದಿಂದ ರಕ್ತದ ಹರಿವನ್ನು ಊಹಿಸುತ್ತದೆ. ಮಲಗಿದಾಗ, ಹದವಾಗಿ ಓಡುವಾಗ ಅದು ಚೆನ್ನಾಗಿಯೇ ಓದುತ್ತದೆ. ಸೈಕಲಿನ ಮೇಲೆ ಮಣಿಕಟ್ಟು ಬಾಗಿರುತ್ತದೆ, ಹಿಡಿತ ಬಿಗಿಯಾಗಿರುತ್ತದೆ, ರಸ್ತೆಯ ನಡುಕ ಮೂಳೆಗೆ ಏರುತ್ತದೆ. ತಣ್ಣೀರಿನಲ್ಲಿ ಚರ್ಮದ ರಕ್ತನಾಳಗಳೇ ಕುಗ್ಗುತ್ತವೆ. ಓಟದಲ್ಲೂ ಒಮ್ಮೊಮ್ಮೆ ಬಡಿತದ ಬದಲು ಹೆಜ್ಜೆಯ ಲಯವನ್ನೇ ಓದಿ 170 ಎಂದು ತೋರಿಸುತ್ತದೆ. ಎದೆಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುವುದರಿಂದ ಈ ತೊಂದರೆಗಳಿಲ್ಲ. ಹೃದಯ ಬಡಿತ ನೋಡಿ ವೇಗ ಹತೋಟಿಯಲ್ಲಿಡುವ ಯೋಜನೆ ನಿಮ್ಮದಾಗಿದ್ದರೆ ಪಟ್ಟಿ ಬೇಕು. ನನ್ನ ಲೆಕ್ಕದಲ್ಲಿ ಮೇಲ್ದರ್ಜೆಯ ವಾಚಿಗಿಂತ ಸಾಧಾರಣ ವಾಚ್ ಜತೆ ಒಳ್ಳೆಯ ಪಟ್ಟಿ ಮೇಲು.

ಈಜುವಾಗ ಪಟ್ಟಿಯ ರೇಡಿಯೋ ಸಂಕೇತ ನೀರಿನಲ್ಲಿ ವಾಚಿಗೆ ತಲುಪದು. ಅದಕ್ಕಾಗಿ ಗಾರ್ಮಿನ್‌ನ ಎಚ್‌ಆರ್‌ಎಮ್ ಟ್ರೈ, ಎಚ್‌ಆರ್‌ಎಮ್ ಪ್ರೊ ಬಗೆಯ ಪಟ್ಟಿಗಳು ಈಜಿನ ಬಡಿತವನ್ನು ತಮ್ಮೊಳಗೇ ಕೂಡಿಟ್ಟು ಆಮೇಲೆ ವಾಚಿಗೆ ಕಳಿಸುತ್ತವೆ. ರೇಸಿನ ಈಜಿನಲ್ಲಿ ಬಡಿತವನ್ನು ನೋಡುವವರು ಯಾರೂ ಇಲ್ಲ, ಆದ್ದರಿಂದ ಇದು ಅಭ್ಯಾಸದ ವಿಶ್ಲೇಷಣೆಗೆ ಮಾತ್ರ ಮುಖ್ಯ.

ವಾಚ್ ಇದ್ದ ಮೇಲೆ ಸೈಕಲ್ ಕಂಪ್ಯೂಟರ್ ಬೇಕಾ?

ಫುಲ್‌ಗೆ ಬೇಕು ಎನ್ನುತ್ತೇನೆ, ಹಾಫ್‌ಗೆ ಇಲ್ಲದಿದ್ದರೂ ನಡೆಯುತ್ತದೆ. ಏರೋ ಬಾರಿನ ಮೇಲೆ ಮಲಗಿದಾಗ ವಾಚಿನ ಮುಖ ಆಚೆ ತಿರುಗಿರುತ್ತದೆ. ಅದನ್ನು ನೋಡಲು ಮಣಿಕಟ್ಟು ತಿರುಗಿಸಿದಾಗಲೆಲ್ಲ ಭಂಗಿ ಕೆಡುತ್ತದೆ, ಕಣ್ಣು ರಸ್ತೆ ಬಿಡುತ್ತದೆ. 180 ಕಿ.ಮೀ.ನಲ್ಲಿ ಇದು ನೂರಾರು ಸಲ. ವಾಚನ್ನೇ ಬಿಚ್ಚಿ ಹ್ಯಾಂಡಲಿಗೆ ಕಟ್ಟುವವರಿದ್ದಾರೆ. ಮರಳಿ ಕಟ್ಟಿಕೊಳ್ಳಲು ಮರೆತು ಓಟಕ್ಕೆ ಹೊರಟವರನ್ನೂ ಬಲ್ಲೆ. ಸಾಧಾರಣ ಕಂಪ್ಯೂಟರ್ ಒಂದನ್ನು ಮುಂದೆ ಇಟ್ಟು, ವಾಚ್ ಕೈಯಲ್ಲಿ ಮಲ್ಟಿಸ್ಪೋರ್ಟ್ ದಾಖಲಿಸುತ್ತಿರಲಿ.

ಇಲ್ಲಿ ಒಂದು ತಾಂತ್ರಿಕ ಗಂಟು ಇದೆ. ಸೆನ್ಸರುಗಳು ವಾಚಿನ ಜತೆ ಮಾತಾಡುವ ನಿಸ್ತಂತು ದಾರಿ ಎರಡು. ಆಂಟ್ ಪ್ಲಸ್ ಸಂಕೇತ ಆಕಾಶವಾಣಿಯಂತೆ, ಎಷ್ಟು ಸಾಧನ ಬೇಕಾದರೂ ಒಟ್ಟಿಗೆ ಕೇಳಬಹುದು. ಬ್ಲೂಟೂತ್ ದೂರವಾಣಿಯ ಕರೆಯಂತೆ. ಹಳೆಯ ಪವರ್ ಮೀಟರುಗಳು ಒಮ್ಮೆಗೆ ಒಬ್ಬರ ಜತೆಗಷ್ಟೇ ಮಾತಾಡುತ್ತವೆ, ಹೊಸವು ಎರಡು ಮೂರರ ಜತೆ. ನಿಮ್ಮ ವಾಚ್‌ಗೆ ಆಂಟ್ ಪ್ಲಸ್ ಇಲ್ಲದಿದ್ದರೆ ಪವರ್ ಮೀಟರ್ ಒಂದೇ ವೇಳೆ ಎರಡಕ್ಕೂ ಉತ್ತರಿಸುತ್ತದೆಯೇ ಎಂದು ಕೊಳ್ಳುವ ಮೊದಲೇ ನೋಡಿ.

ಓಟದ ಕೊನೆಗೆ ವಾಚ್ 42.8 ತೋರಿಸ್ತು. ದಾರಿ ಉದ್ದ ಇತ್ತಾ?

ದಾರಿಯನ್ನು ಅಳೆಯುವುದು ತಿರುವುಗಳ ಒಳ ಅಂಚಿನ ಅತಿ ಚಿಕ್ಕ ಗೆರೆಯಲ್ಲಿ. ನೀವು ಹೊರ ಅಂಚಿನಲ್ಲಿ ಓಡಿದಿರಿ, ನೀರಿನ ಮೇಜಿಗೆ ಹೋಗಿ ಬಂದಿರಿ, ಕಟ್ಟಡ ಮರಗಳ ನಡುವೆ ಸಂಕೇತ ಪುಟಿದು ಅಲೆಯಿತು. ಕೂಡಿ ಕೆಲವು ನೂರು ಮೀಟರ್ ಆಗುತ್ತದೆ. ಗುರಿ ಪೇಸ್ (ಒಂದು ಕಿ.ಮೀ.ಗೆ ಬೇಕಾಗುವ ಸಮಯ) ಹಿಡಿಯುವಾಗ ಈ ಅಂತರಕ್ಕೆ ಜಾಗ ಬಿಡಿ. ತಾನಾಗಿ ಹಾಕುವ ಲ್ಯಾಪ್ ಆಫ್ ಮಾಡಿ, ದಾರಿಯ ಕಿಲೋಮೀಟರ್ ಫಲಕ ಬಂದಾಗ ನೀವೇ ಲ್ಯಾಪ್ ಒತ್ತಿ.

## ರೇಸಿನ ದಿನ

ಪರದೆ ಮೇಲೆ ಏನೇನು ಇಟ್ಕೋಬೇಕು?

ಕಡಿಮೆ. ಈಜಿನಲ್ಲಿ ಕಳೆದ ಸಮಯ ಒಂದೇ. ಸೈಕಲಿನಲ್ಲಿ ಮೂರು ಸೆಕೆಂಡಿನ ಸರಾಸರಿ ಪವರ್ ಅಥವಾ ಹೃದಯ ಬಡಿತ, ದೂರ, ಸಮಯ. ಓಟದಲ್ಲಿ ಲ್ಯಾಪ್ ಪೇಸ್, ಬಡಿತ, ದೂರ. ಆ ಕ್ಷಣದ ಪೇಸ್ ಇಡಬೇಡಿ. ಅದು ಕುಣಿಯುತ್ತದೆ, ಅದರ ಹಿಂದೆ ನೀವೂ ಕುಣಿಯುತ್ತೀರಿ.

ಇನ್ನೊಂದು ಪುಟದಲ್ಲಿ ಒಂದೇ ಒಂದು ಅಂಕಿ ಇರಲಿ: ರೇಸ್ ಶುರುವಾದಾಗಿನಿಂದ ಕಳೆದ ಒಟ್ಟು ಸಮಯ. ಕಟ್‌ಆಫ್ ಹತ್ತಿರ ಓಡುವವರಿಗೆ ಇದಕ್ಕಿಂತ ಬೆಲೆಬಾಳುವ ಅಂಕಿ ಇಲ್ಲ. ಫುಲ್‌ನಲ್ಲಿ ಸಾಮಾನ್ಯವಾಗಿ ಈಜಿಗೆ 2 ಗಂಟೆ 20 ನಿಮಿಷ, ಸೈಕಲ್ ಮುಗಿಯುವ ಹೊತ್ತಿಗೆ ಶುರುವಿನಿಂದ 10 ಗಂಟೆ 30 ನಿಮಿಷ, ಒಟ್ಟು 17 ಗಂಟೆ. ನಿಮ್ಮ ರೇಸಿನ ನಿಯಮ ಓದಿ ಅಂಕಿ ತಿದ್ದಿಕೊಳ್ಳಿ. ಮಲ್ಟಿಸ್ಪೋರ್ಟಿನಲ್ಲಿ ಪ್ರತಿ ಹಂತದ ಸಮಯ ಸೊನ್ನೆಯಿಂದ ಶುರುವಾಗುವುದರಿಂದ ಒಟ್ಟು ಸಮಯವನ್ನು ನೀವೇ ಸೇರಿಸದಿದ್ದರೆ ಅದು ಕಾಣುವುದಿಲ್ಲ. ಸುಸ್ತಾದ ತಲೆಯಲ್ಲಿ ಮೂರು ಸಮಯ ಕೂಡುತ್ತ, ತಪ್ಪು ಉತ್ತರ ನಂಬಿ ನಡೆಯತೊಡಗಿದವರೊಬ್ಬರು ನಾಲ್ಕು ನಿಮಿಷದ ಅಂತರದಲ್ಲಿ ಕಟ್‌ಆಫ್ ಮೀರಿಬಿಟ್ಟರು. ಅವರ ಮುಖ ನನಗೆ ಇಂದಿಗೂ ಮರೆತಿಲ್ಲ.

ವೆಟ್‌ಸೂಟ್ ಬಿಚ್ಚುವಾಗ ಬಟನ್ ಒತ್ತಿಹೋಗಿ ಎಲ್ಲ ಕೆಟ್ಟುಹೋಯ್ತು. ಹೇಗೆ ತಡೆಯೋದು?

ಬಟನ್ ಲಾಕ್. ಮಲ್ಟಿಸ್ಪೋರ್ಟ್ ಸೆಟ್ಟಿಂಗಿನಲ್ಲಿ ಅದನ್ನು ಹುಡುಕಿ ಆನ್ ಮಾಡಿ, ಆದರೆ ಲಾಕ್ ತೆಗೆದು ಲ್ಯಾಪ್ ಒತ್ತುವ ಎರಡು ಹೆಜ್ಜೆಯನ್ನು ಮನೆಯಲ್ಲೇ ಐವತ್ತು ಸಲ ಮಾಡಿ. ವಾಚ್ ಸೂಟಿನ ತೋಳಿನ ಒಳಗಿದ್ದರೆ ಯಾರೂ ಎಳೆಯುವುದಿಲ್ಲ, ಆದರೆ ಬಿಗಿಯಾದ ಅಂಚು ಬಟನ್ ಅದುಮುತ್ತದೆ. ತೋಳಿನ ಅಂಚನ್ನು ಸ್ವಲ್ಪ ಮೇಲೆ ಸರಿಸಿ ವಾಚ್ ಪೂರ್ತಿ ಹೊರಗೆ ಕೂರುವಂತೆ ಮಾಡುವುದು ನನಗೆ ಒಗ್ಗಿದ ದಾರಿ. ಆದರೂ ತಪ್ಪು ಒತ್ತಿದರೆ ಟ್ರಾನ್ಸಿಷನ್‌ನಲ್ಲಿ ನಿಂತು ಸರಿಪಡಿಸುತ್ತ ಕೂರಬೇಡಿ. ಸೈಕಲ್ ಹಂತಕ್ಕೆ ಬರುವವರೆಗೆ ಲ್ಯಾಪ್ ಒತ್ತುತ್ತ ನಡೆಯಿರಿ. ಅಧಿಕೃತ ಸಮಯ ಕಾಲಿಗೆ ಕಟ್ಟಿದ ಟೈಮಿಂಗ್ ಚಿಪ್‌ನಲ್ಲಿದೆ.

ವಾಚಲ್ಲಿ ಹಾಡು ಹಾಕ್ಕೊಂಡು ಓಡಬಹುದಾ?

ರೇಸಿನಲ್ಲಿ ಇಲ್ಲ. ಐರನ್‌ಮ್ಯಾನ್ ನಿಯಮಗಳಲ್ಲೂ ವರ್ಲ್ಡ್ ಟ್ರೈಯಥ್ಲಾನ್ ನಿಯಮಗಳಲ್ಲೂ ಇಯರ್‌ಫೋನ್ ನಿಷಿದ್ಧ. ಗಮನ ಕೆಡುವಂತೆ ಕರೆ, ಸಂದೇಶಕ್ಕೆ ವಾಚ್ ಬಳಸಿದರೂ ಅನರ್ಹರಾಗಬಹುದು. ಬೆಳಿಗ್ಗೆಯೇ ಫೋನಿನ ಸೂಚನೆಗಳನ್ನೆಲ್ಲ ಆರಿಸಿಬಿಡಿ.

ಊಟ ನೀರು ನೆನಪಿಸೋ ಅಲರ್ಟ್ ನಿಜಕ್ಕೂ ಉಪಯೋಗವಾ?

ನನ್ನ ಮಟ್ಟಿಗೆ ವಾಚಿನ ಅತಿ ದೊಡ್ಡ ಉಪಕಾರ ಅದೇ. ಗಂಟೆಗೆ 60ರಿಂದ 90 ಗ್ರಾಂ ಕಾರ್ಬೋಹೈಡ್ರೇಟ್ ತಿನ್ನುವುದು ಬಹಳ ಜನರ ಗುರಿ. ಹಸಿವಾಗಲಿ ಎಂದು ಕಾದರೆ ಕಾಲ ಮಿಂಚಿರುತ್ತದೆ. ಸೈಕಲ್ ಹಂತದಲ್ಲಿ 20 ನಿಮಿಷಕ್ಕೊಮ್ಮೆ ವಾಚ್ ಕಂಪಿಸಲಿ, ಕಂಪಿಸಿದಾಗಲೆಲ್ಲ ಯೋಚಿಸದೆ ತಿನ್ನಿ. ಶಬ್ದಕ್ಕಿಂತ ಕಂಪನ ಇಡಿ, ಗಾಳಿಯಲ್ಲಿ ಬೀಪ್ ಕೇಳುವುದಿಲ್ಲ.

## ಇನ್ನೂ ಆಳಕ್ಕೆ

ವಾಚ್ ಹೇಳೋ ವಿಒ2 ಮ್ಯಾಕ್ಸ್, ರೇಸ್ ಸಮಯ, ವಿಶ್ರಾಂತಿ ಗಂಟೆ ಇವನ್ನೆಲ್ಲ ನಂಬಲಾ?

ದಿಕ್ಕನ್ನು ನಂಬಿ, ಅಂಕಿಯನ್ನು ಬಿಡಿ. ವಿಒ2 ಮ್ಯಾಕ್ಸ್ ಎಂದರೆ ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕ, ಆದರೆ ವಾಚ್ ಆಮ್ಲಜನಕ ಅಳೆಯುವುದಿಲ್ಲ. ಈ ವೇಗಕ್ಕೆ ಇಷ್ಟು ಬಡಿತ ಎಂಬ ಸಂಬಂಧದಿಂದ ಊಹಿಸುತ್ತದೆ. ಸೆಕೆಯ ದಿನ ಬಡಿತ ಏರಿದರೆ ನೀವು ದುರ್ಬಲರಾದಿರಿ ಎಂದು ತಪ್ಪಾಗಿ ತಿಳಿಯಬಹುದು. ಗಾರ್ಮಿನ್ ಬಳಸುವ ಇಂಥ ಲೆಕ್ಕಗಳ ಬಹುಪಾಲು ಫಿನ್ಲೆಂಡಿನ ಫಸ್ಟ್‌ಬೀಟ್ ಅನಲಿಟಿಕ್ಸ್ ಸಂಸ್ಥೆಯದು, ಅದನ್ನು ಗಾರ್ಮಿನ್ 2020ರಲ್ಲಿ ಕೊಂಡುಕೊಂಡಿತು. ಲೆಕ್ಕದ ಅಡಿಪಾಯ ಗಟ್ಟಿಯೇ ಇದೆ, ಆದರೆ ನಾವು ಕೊಡುವ ಅಂಕಿ ಸರಿಯಿರಬೇಕು. '220ರಿಂದ ವಯಸ್ಸು ಕಳೆ' ಎಂಬ ಸೂತ್ರದ ಗರಿಷ್ಠ ಬಡಿತವನ್ನೇ ಬಿಟ್ಟರೆ ಎಷ್ಟೋ ಜನರಿಗೆ ಹತ್ತು ಹನ್ನೆರಡು ಬಡಿತದಷ್ಟು ತಪ್ಪುತ್ತದೆ, ಅದರ ಮೇಲೆ ನಿಂತ ವಲಯಗಳೆಲ್ಲ ತಪ್ಪುತ್ತವೆ. ಎದೆಪಟ್ಟಿ ಕಟ್ಟಿ 30 ನಿಮಿಷ ಸಾಧ್ಯವಾದಷ್ಟು ಜೋರಾಗಿ, ಸಮನಾಗಿ ಓಡಿ. ಕೊನೆಯ 20 ನಿಮಿಷದ ಸರಾಸರಿಯನ್ನು ಲ್ಯಾಕ್ಟೇಟ್ ಮಿತಿಯ (ಬಹಳ ಹೊತ್ತು ತಡೆದುಕೊಳ್ಳಬಲ್ಲ ಶ್ರಮದ ಗಡಿ) ಬಡಿತವೆಂದು ವಾಚಿಗೆ ಕೊಡಿ.

ಮ್ಯಾರಥಾನ್ ಇಷ್ಟರಲ್ಲಿ ಮುಗಿಸುತ್ತೀರಿ ಎಂಬ ಭವಿಷ್ಯ ತಾಜಾ ಕಾಲುಗಳಿಗೆ ಹೇಳಿದ್ದು. 180 ಕಿ.ಮೀ. ತುಳಿದು ಇಳಿದ ಕಾಲುಗಳಿಗೆ ಉದ್ದದ ಬ್ರಿಕ್ (ಸೈಕಲ್ ಇಳಿದ ಕೂಡಲೇ ಓಡುವ) ಅಭ್ಯಾಸದ ದಾಖಲೆಯೇ ಸರಿಯಾದ ಸೂಚಕ.

ಎರಡು ಆವರ್ತನದ ಜಿಪಿಎಸ್ ಇಲ್ಲದಿದ್ರೆ ಹಳೇದಾಯ್ತಾ?

ಎತ್ತರದ ಕಟ್ಟಡ, ಕಡಿದಾದ ಕಣಿವೆ, ದಟ್ಟ ಮರಗಳ ನಡುವೆ ಸಂಕೇತ ಪುಟಿದು ಬರುತ್ತದೆ; ಎರಡನೇ ಆವರ್ತನ ಆ ಪ್ರತಿಧ್ವನಿಯನ್ನು ಗುರುತಿಸಿ ಬದಿಗಿಡಲು ನೆರವಾಗುತ್ತದೆ. ದೂರದ ಟ್ರೈಯಥ್ಲಾನ್‌ನ ಸೈಕಲ್ ದಾರಿ ಹೆಚ್ಚಾಗಿ ತೆರೆದ ಹೆದ್ದಾರಿ, ಅಲ್ಲಿ ವ್ಯತ್ಯಾಸ ಕಾಣದು. ಅದಕ್ಕೆಂದೇ ಹೆಚ್ಚು ಹಣ ಕೊಡಬೇಕಿಲ್ಲ.

ಕಂಪನಿ ಸರ್ವರ್ ಕೈಕೊಟ್ರೆ ನನ್ನ ದಾಖಲೆ ಗತಿ ಏನು?

2020ರ ಜುಲೈನಲ್ಲಿ ಸೈಬರ್ ದಾಳಿಯಿಂದ ಗಾರ್ಮಿನ್ ಸೇವೆಗಳು ಕೆಲವು ದಿನ ನಿಂತಿದ್ದವು. ಆಗಲೂ ವಾಚುಗಳು ಎಂದಿನಂತೆ ದಾಖಲಿಸುತ್ತಿದ್ದವು. ವಾಚನ್ನು ತಂತಿಯಲ್ಲಿ ಕಂಪ್ಯೂಟರಿಗೆ ಸಿಕ್ಕಿಸಿ, ವ್ಯಾಯಾಮದ ಮೂಲ ದಾಖಲೆಯಾದ ಫಿಟ್ ಕಡತವನ್ನು ನಕಲು ಮಾಡಿಕೊಂಡವರು ಅಭ್ಯಾಸದ ವಿಶ್ಲೇಷಣೆಯನ್ನೂ ನಿಲ್ಲಿಸಬೇಕಾಗಲಿಲ್ಲ. ಕೊಳ್ಳುವಾಗ ಮೂಲ ಕಡತ ಹೊರತೆಗೆಯಲು ಬರುತ್ತದೆಯೇ ಎಂದು ಕೇಳಿ. ಮೂರು ತಿಂಗಳಿಗೊಮ್ಮೆ ಒಂದು ಪ್ರತಿ ನಿಮ್ಮ ಬಳಿ ಇರಲಿ.

ಉಪ್ಪುನೀರು, ಬೆವರು ಎಲ್ಲ ಸೇರಿ ವಾಚ್ ಬೇಗ ಹಾಳಾಗುತ್ತಾ?

ತೊಳೆದರೆ ಇಲ್ಲ. ಸಮುದ್ರದಿಂದ ಬಂದ ಕೂಡಲೇ ಸಿಹಿನೀರಿನಲ್ಲಿ ಅದ್ದಿ. ಎತ್ತರ ಅಳೆಯುವ ವಾಯುಒತ್ತಡ ಸೆನ್ಸರಿನ ಸಣ್ಣ ತೂತಿನಲ್ಲಿ ಉಪ್ಪು ಕಟ್ಟಿದರೆ ಏರು ಇಳಿವಿನ ಲೆಕ್ಕ ಕೆಡುತ್ತದೆ. ಪೂರ್ತಿ ಒಣಗದೆ ಚಾರ್ಜಿಗೆ ಹಾಕಬೇಡಿ, ಚಾರ್ಜಿಂಗ್ ಬಿಂದುಗಳು ಕಿಲುಬುವುದು ಹಾಗೆಯೇ. ಸನ್‌ಸ್ಕ್ರೀನ್, ಸೊಳ್ಳೆ ಔಷಧಿ ಪ್ಲಾಸ್ಟಿಕ್ಕನ್ನು ತಿನ್ನುತ್ತವೆ. ಮಣಿಕಟ್ಟಿನಲ್ಲಿ ಗುಳ್ಳೆ ಎದ್ದರೆ ಪಟ್ಟಿ ಸಡಿಲಿಸಿ, ತೊಳೆದು, ಕೆಲವು ದಿನ ಇನ್ನೊಂದು ಕೈಗೆ ಕಟ್ಟಿ.

ರೇಸ್ ಮಧ್ಯೆ ವಾಚ್ ಸತ್ತೇಹೋದ್ರೆ?

ನನಗೆ ಆದದ್ದು ಹೇಳುತ್ತೇನೆ. 28ನೇ ಕಿಲೋಮೀಟರಿನಲ್ಲಿ ಪರದೆ ಕಪ್ಪಾಯಿತು, ಇನ್ನೂ 14 ಇತ್ತು. ಮೊದಲ ಐದು ನಿಮಿಷ ಕೈ ಎತ್ತಿ ಎತ್ತಿ ಆ ಕಪ್ಪನ್ನೇ ನೋಡಿದೆ. ಆಮೇಲೆ ಉಸಿರಿನ ಲೆಕ್ಕ ಹಿಡಿದೆ: ಮೂರು ಹೆಜ್ಜೆಗೆ ಒಳಗೆ, ಮೂರು ಹೆಜ್ಜೆಗೆ ಹೊರಗೆ. ಅಭ್ಯಾಸದಲ್ಲಿ ತಿಂಗಳಿಗೊಮ್ಮೆ ವಾಚಿಲ್ಲದೆ ಓಡುತ್ತಿದ್ದುದರಿಂದ ಆ ಲಯಕ್ಕೆ ನನ್ನ ಪೇಸ್ ಎಷ್ಟೆಂದು ಕಾಲಿಗೆ ಗೊತ್ತಿತ್ತು. ನೀರಿನ ಮೇಜಿನಲ್ಲಿ ನಿಂತಿದ್ದ ಸ್ವಯಂಸೇವಕ ಹುಡುಗಿಯೊಬ್ಬಳನ್ನು ಗಂಟೆ ಎಷ್ಟೆಂದು ಕೇಳಿದೆ. ಪ್ರತಿ ಸುತ್ತಿಗೂ ನಾನು ಹತ್ತಿರ ಬರುವ ಮುನ್ನವೇ ಅವಳು ಸಮಯ ಕೂಗಿ ಹೇಳತೊಡಗಿದಳು. ಕೊನೆಯ ಸುತ್ತಿನಲ್ಲಿ ಅವಳು ಕೂಗಿದ ಸಮಯದಿಂದ ಕಟ್‌ಆಫ್‌ಗೆ ನನಗೆ 40 ನಿಮಿಷ ಉಳಿದಿದೆ ಎಂದು ತಿಳಿಯಿತು. ಚಿಪ್ ನನ್ನ ಸಮಯವನ್ನು ಸೆಕೆಂಡಿನವರೆಗೆ ದಾಖಲಿಸಿತ್ತು. ವಾಚಿನಲ್ಲಿ ಉಳಿದ ಕಡತ ಮಾತ್ರ ಇಂದಿಗೂ 28ನೇ ಕಿಲೋಮೀಟರಿಗೇ ನಿಂತಿದೆ, ನಾನು ಅದನ್ನು ಅಳಿಸಿಲ್ಲ.